ಒಂದೇ ಬಾಯಿಯ ಲೋಟ

ಗುಂಡಿ ಒತ್ತಿದ ಕೂಡಲೇ ಗುಳ್ಳೆಗಿಂಡಿ ಮುದುಕನ ಹಾಗೆ ಒಂದು ಸಲ ಕೆಮ್ಮಿತು. ತಣ್ಣಗಿನ ಡಿಕಾಕ್ಷನ್ನು ಅದರ ಗಾಜಿನ ಹೊಟ್ಟೆಗೆ ಇಳಿಯಿತು. ಪಕ್ಕದ ಪುಟ್ಟ ಸಿಲಿಂಡರಿನಿಂದ ಅನಿಲ ನುಗ್ಗಿ, ಕಪ್ಪು ದ್ರವವೆಲ್ಲ ಹೊಗೆ ತುಂಬಿದ ಹಾಗೆ ಕದಡಿ, ಮತ್ತೆ ತಿಳಿಯಾಯಿತು. ಲೋಹಿತ ತನ್ನ ಕಪ್ಪು ಲೋಟವನ್ನು ಮೂತಿಯ ಕೆಳಗೆ ಹಿಡಿದ. ಮೊದಲ ಗುಟುಕಿಗೆ ಕಾಫಿಯ ಕಹಿ, ಅದರ ಬೆನ್ನಿಗೇ ಶುಂಠಿಯ ಖಾರ, ನುಂಗಿದ ಮೇಲೆ ಎಲ್ಲಿಂದಲೋ ಬೆಲ್ಲ ಸುಟ್ಟ ವಾಸನೆ. ಅವನು ಕಣ್ಣು ಮುಚ್ಚಿ ಕುಡಿದ.

ಆಮೇಲೆ ಹೆಂಡತಿ ಇಂಚರಾಳ ನೀಲಿ ಲೋಟಕ್ಕೆ ಗಿಂಡಿ ಟೀ ತುಂಬಿತು. ಅದರ ರುಚಿ ಹೇಗಿತ್ತೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಾಗುವ ಹಾಗೆಯೂ ಇರಲಿಲ್ಲ.

ಇದು ಇನ್ನು ಮೂರು ದಶಕ ಕಳೆದ ಮೇಲಿನ ಅರಸೀಕೆರೆ. ಕಾಫಿ ಟೀಗೆ ಸೋಡಾದ ಹಾಗೆ ಗುಳ್ಳೆ ತುಂಬುವ ಈ ಗುಳ್ಳೆಗಿಂಡಿ ಇಲ್ಲದ ಮನೆಯನ್ನು ಆಗ ಹುಡುಕಬೇಕಿತ್ತು. ಬೆಳಿಗ್ಗೆ ಗುಳ್ಳೆಕಾಫಿ, ಮಧ್ಯಾಹ್ನ ನಿಂಬೆಹಣ್ಣಿನ ಗುಳ್ಳೆಟೀ, ಸಂಜೆ ಬಾಗಿಲು ಹಾಕಿಕೊಂಡು ಕಾಫಿಗೆ ರಮ್ಮು ಬೆರೆಸಿ ಹೊಡೆಯುವ ಕಾಕ್‌ಟೇಲು, ಎಲ್ಲಕ್ಕೂ ಅದೊಂದೇ. ಸೋಡಾ ನಾಲಿಗೆಯನ್ನು ಚುರುಗುಟ್ಟಿಸುವುದು ಗುಳ್ಳೆ ಒಡೆಯುವುದರಿಂದ ಎಂದು ಎಲ್ಲರೂ ತಿಳಿದಿರುತ್ತಾರೆ. ಮುಖ್ಯ ಕಾರಣ ಅದಲ್ಲ. ಎಂಜಲು ತಗುಲಿದ ಅನಿಲ ಅಲ್ಲೇ ನಾಲಿಗೆಯ ಮೇಲೆ ಆಮ್ಲವಾಗುತ್ತದೆ, ಆ ಆಮ್ಲ ಕಚ್ಚುತ್ತದೆ. ಒಬ್ಬೊಬ್ಬರ ಎಂಜಲು ಒಂದೊಂದು ಥರ. ಆದ್ದರಿಂದ ಒಂದೇ ಸೋಡಾ ಒಬ್ಬೊಬ್ಬರನ್ನು ಒಂದೊಂದು ಥರ ಕಚ್ಚುತ್ತದೆ. ಈ ಸಣ್ಣ ಸತ್ಯವನ್ನು ಹಿಡಿದುಕೊಂಡು ಕೂತವಳು ಮಂಗಳೂರಿನ ವಿಜ್ಞಾನಿ ಫ್ಲೇವಿಯಾ ಲೋಬೊ. ಲೋಟದ ಅಂಚಿನಲ್ಲಿ ಎಂಜಲನ್ನು ಓದುವ ಒಂದು ತೆಳುವಾದ ಪಟ್ಟಿಯನ್ನು ಕೂರಿಸಿದಳು. ಕಿವಿಗೆ ಕೇಳಿಸದಷ್ಟು ಸಣ್ಣ ಸ್ವರದಿಂದ ಗುಳ್ಳೆಗಳನ್ನು ಬೇಕಾದ ಗಾತ್ರಕ್ಕೆ ಒಡೆದಳು. ದೊಡ್ಡ ಗುಳ್ಳೆ ಮೊದಲು ಸಿಡಿದು ಒಂದು ಪರಿಮಳ, ಸಣ್ಣದು ತಡವಾಗಿ ಸಿಡಿದು ಇನ್ನೊಂದು. ಯಾವ ಬಾಯಿಗೆ ಯಾವುದು ಯಾವಾಗ ಸಿಡಿಯಬೇಕೆಂದು ಗಿಂಡಿ ದಿನದಿನಕ್ಕೂ ಕಲಿಯುತ್ತ ಹೋಗುತ್ತಿತ್ತು.

ಕಲಿತ ಲೋಟ ಆ ಬಾಯಿಗೆ ಅಮೃತ. ಬೇರೆಯವರ ಬಾಯಿಗೆ ಪಾತ್ರೆ ತೊಳೆದ ನೀರು.

‘ನಿಮ್ಮ ಬಾಯಿಗೆ ನೀವೇ ರಾಜರು’ ಎಂದು ಕಂಪನಿಯವರು ಗೋಡೆಗೋಡೆಗೂ ಬರೆಸಿದರು. ಜನ ರಾಜರಾದರು. ಅತ್ತೆಯ ಲೋಟ ಸೊಸೆಗೆ ಬೇಡ, ಗೆಳೆಯನ ಲೋಟ ಗೆಳೆಯನಿಗೆ ಬೇಡ. ಹೋಟೆಲಿಗೂ ತಮ್ಮ ಲೋಟ ತಾವೇ ಚೀಲದಲ್ಲಿ ತಂದರು. ಒಂದು ಟೀಯನ್ನು ಎರಡು ಲೋಟಕ್ಕೆ ಹಂಚಿಸಿಕೊಂಡು ಕುಡಿಯುವ ಬೈಟು ಯಾವಾಗ ಸತ್ತಿತೋ ಯಾರೂ ನೋಡಲಿಲ್ಲ. ಮಾಣಿಗಳು ಆ ಪದ ಕೂಗುವುದನ್ನೇ ಬಿಟ್ಟರು.

ಲೋಹಿತ ಓದು ಅರ್ಧಕ್ಕೆ ಬಿಟ್ಟವನು. ಬಸ್ ನಿಲ್ದಾಣದ ಎದುರು ಗುಳ್ಳೆಗಿಂಡಿಗೆ ಅನಿಲ ತುಂಬುವ, ಕೆಟ್ಟದ್ದನ್ನು ರಿಪೇರಿ ಮಾಡುವ ಅಂಗಡಿ ಅವನದು. ಗಿಂಡಿ ಊರಿಗೆ ಬಂದ ಹೊಸದರಲ್ಲಿ ಎಲ್ಲರೂ ‘ಸಪ್ಪೆ, ವಾಪಸ್ ತಗೋ’ ಎಂದು ಅವನ ಬಾಗಿಲಿಗೆ ತಂದು ಕುಕ್ಕಿದ್ದರು. ಬಿಚ್ಚಿ ನೋಡಿದರೆ ಯಂತ್ರದಲ್ಲಿ ಏನೂ ದೋಷವಿರಲಿಲ್ಲ. ದೋಷ ಊರಿನಲ್ಲಿತ್ತು. ಲೋಟ ಕಚ್ಚಿ ಕುಡಿದರೆ ಎಂಜಲಾಗುತ್ತದೆಂದು ಎಲ್ಲರೂ ಮೇಲಿಂದ ಎತ್ತಿ ಬಾಯಿಗೆ ಸುರಿದುಕೊಳ್ಳುತ್ತಿದ್ದರು. ತುಟಿಯೇ ತಾಕದ ಲೋಟ ಏನನ್ನು ಓದೀತು? ‘ಕಚ್ಚಿ ಕುಡೀರಿ’ ಎಂದು ಮನೆಮನೆಗೆ ಹೋಗಿ ಕಲಿಸಿದವನು ಅವನೇ. ಹಾಗೆ ಕಲಿಸಿದವನ ಮನೆಯಲ್ಲಿ ಮಾತ್ರ ಅವನ ತಾಯಿ ಬದುಕಿರುವಾಗ ಮಾಡಿದ ಕಟ್ಟಳೆ ಹಾಗೇ ಇತ್ತು. ಅವನ ತಟ್ಟೆ ಬೇರೆ, ಲೋಟ ಬೇರೆ, ಕುಡಿಯುವ ನೀರಿನ ಚೊಂಬೂ ಬೇರೆ. ಅವನು ಉಂಡೆದ್ದ ಮೇಲೆ ಇಂಚರಾಳ ಊಟ.

ಇಂಚರಾ ಅರಸೀಕೆರೆ–ಕಡೂರು ಬಸ್ಸಿನ ಕಂಡಕ್ಟರು. ಬಸ್ಸುಗಳು ತಮ್ಮಷ್ಟಕ್ಕೆ ತಾವೇ ಓಡಲು ಶುರುವಾದ ಮೇಲೆ ಡ್ರೈವರುಗಳನ್ನೆಲ್ಲ ಡಿಪೋದ ಪರದೆಗಳ ಮುಂದೆ ಕೂರಿಸಿದ್ದರು. ಅವಳ ಜೊತೆ ವರ್ಷಗಟ್ಟಲೆ ಗಾಡಿ ಓಡಿಸಿದ್ದ ಭೈರೇಶನೂ ಅಲ್ಲಿಗೇ ಹೋಗಿದ್ದ. ಅವನೊಂದು ಭಾನುವಾರ ಮಗಳ ಮದುವೆಯ ಕರೆಯೋಲೆ ಕೊಡಲು ಬಂದ. ಬಂದವರಿಗೆ ಕೊಡುವ ಸ್ಟೀಲ್ ಲೋಟದಲ್ಲಿ ಅವನಿಗೆ ಸಾಧಾರಣ ಟೀ ಬಂತು. ಮಾತಿನ ಭರದಲ್ಲಿ ಅವನು ಕೈ ಚಾಚಿದ್ದು ಪಕ್ಕದಲ್ಲಿದ್ದ ನೀಲಿ ಲೋಟಕ್ಕೆ.

ಈಗ ಮುಖ ಹಿಂಡುತ್ತಾನೆ, ಉಗಿಯುತ್ತಾನೆ, ಒಂದಿಷ್ಟು ನಗಬಹುದು ಎಂದು ಲೋಹಿತ ಕಾದ. ಭೈರೇಶ ಉಗಿಯಲಿಲ್ಲ. ಒಂದು ಗುಟುಕು, ಇನ್ನೊಂದು ಗುಟುಕು, ತಳದವರೆಗೂ ಕುಡಿದು ಮೀಸೆ ಒರೆಸಿಕೊಂಡ.

“ಇದು ಬಾಣಾವರದ ಟೀ ಕಣಮ್ಮ ಕಂಡಕ್ಟ್ರಮ್ಮ. ಅದೇ ಏಲಕ್ಕಿ, ಅದೇ ಹೊಗೆ ವಾಸನೆ. ಎಲ್ಲಿ ಸಿಕ್ತು?”

ಇಂಚರಾ ನಕ್ಕಳು. ಆ ನಗುವನ್ನು ಲೋಹಿತ ತನ್ನ ಮನೆಯಲ್ಲಿ ಅದೇ ಮೊದಲು ನೋಡಿದ್ದು.

ಅಂದೇ ಅವನ ಹೊಟ್ಟೆಯಲ್ಲಿ ಕೆಂಡ ಬಿತ್ತು. ಅವಳು ಸ್ನಾನಕ್ಕೆ ಹೋದಾಗ ನೀಲಿ ಲೋಟ ಎತ್ತಿಕೊಂಡು ಕುಡಿದ. ತುಕ್ಕು ಹಿಡಿದ ನಲ್ಲಿಗೆ ಬಾಯಿ ಹಚ್ಚಿದ ಹಾಗಿತ್ತು. ಮಾರನೆಯ ದಿನವೂ ಕುಡಿದ. ಕುಡಿದು ಕುಡಿದು ಅಭ್ಯಾಸವಾದೀತೆಂದು ವಾಂತಿ ಬರುವವರೆಗೂ ಕುಡಿದ. ಒಬ್ಬ ಡ್ರೈವರನಿಗೆ ಸಿಕ್ಕುವ ರುಚಿ ಕಟ್ಟಿಕೊಂಡವನಿಗೆ ಸಿಕ್ಕುವುದಿಲ್ಲ ಎಂದರೆ ಏನರ್ಥ? ರಿಪೇರಿಗೆ ಬಂದ ಗಿಂಡಿಗಳ ಮೇಲೆ ಅವನ ಸಿಟ್ಟೆಲ್ಲ ಇಳಿಯಿತು. ತಿರುಪುಗಳು ಮುರಿದವು, ಗಿರಾಕಿಗಳು ಬೈಸಿಕೊಂಡು ಹೋದರು. ಇಂಚರಾಳ ಬಸ್ಸು ತಡವಾದ ದಿನ ಡಿಪೋದ ಗೇಟಿನವರೆಗೆ ಹೋಗಿ, ಒಳಗೆ ಕಾಲಿಡಲಾರದೆ ಹಿಂದಿರುಗಿದ.

ಒಂದು ದಿನ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಕೇಳಿಯೇಬಿಟ್ಟ.

“ನಿನ್ ಡ್ರೈವರಿಗೆ ನಿನ್ ಲೋಟ ಚೆನ್ನಾಗ್ ಹೊಂದುತ್ತೆ ಅಲ್ವಾ?”

“ಭೈರೇಶಣ್ಣಂಗಾ?”

“ಅಣ್ಣ ಅಂದ್ಬಿಟ್ರೆ ಮುಗೀತಾ?”

ಅವಳು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ಕೂಗಾಡಲಿಲ್ಲ.

“ಬಾಣಾವರದಲ್ಲಿ ಬಸ್ಸು ನಿಂತಾಗ ಬೈಟು ಹೇಳೋರು. ಅರ್ಧ ಅವರಿಗೆ, ಅರ್ಧ ನನಗೆ. ನಮ್ಮ ನಡುವೆ ಇದ್ದಿದ್ದು ಟೀ ಒಂದೇ ಕಣ್ರೀ. ನಿಮಗೂ ನನಗೂ ನಡುವೆ ಅದೂ ಇಲ್ಲ.”

ಹಾಗೆಂದವಳು ಮಾರನೆಯ ಬೆಳಿಗ್ಗೆ ನೀಲಿ ಲೋಟವನ್ನು ತೊಳೆದು ಕವುಚಿ ಹಾಕಿ ಡ್ಯೂಟಿಗೆ ಹೋದಳು. ರಾತ್ರಿ ಕಡೂರಿನಲ್ಲೇ ತಂಗುವ ಡ್ಯೂಟಿ ಕೇಳಿದ್ದೇನೆ, ಸಿಕ್ಕರೆ ವಾರಕ್ಕೊಮ್ಮೆ ಬರುತ್ತೇನೆ ಎಂದು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಹೇಳಿದಳು. ಲೋಹಿತನಿಗೆ ಭಯವಾದದ್ದು ಆಗ. ಆದರೂ ಹೊಟ್ಟೆಕಿಚ್ಚು ಭಯಕ್ಕಿಂತ ಒಂದು ಹೆಜ್ಜೆ ಮುಂದೆಯೇ ನಡೆಯುತ್ತಿತ್ತು.

ಹಾಸನದಲ್ಲಿ ಗಿಂಡಿ ಅಂಗಡಿಯವರ ಸಭೆ ಇತ್ತು. ಫ್ಲೇವಿಯಾ ಲೋಬೊ ಬರುತ್ತಾಳೆಂದು ತಿಳಿದು ಅವನೂ ಹೋದ. ಸಣ್ಣ ಆಳು, ನರೆತ ಕೂದಲು, ಕಾಲಲ್ಲಿ ಹವಾಯಿ ಚಪ್ಪಲಿ. ಸಭೆ ಮುಗಿದು ಎಲ್ಲರೂ ತಂತಮ್ಮ ಲೋಟ ಹಿಡಿದು ದೂರದೂರ ನಿಂತಿದ್ದಾಗ ಅವಳನ್ನು ಮೂಲೆಯಲ್ಲಿ ಅಡ್ಡಗಟ್ಟಿ, ಹೆಂಡತಿಯ ಲೋಟ ತನಗೆ ತುಕ್ಕು ಅನಿಸುವಾಗ ಸಂಬಂಧವೇ ಇಲ್ಲದ ಇನ್ನೊಬ್ಬನಿಗೆ ಅದು ಹೊಂದುವುದು ಹೇಗೆ, ಅವರು ಏನೇನು ಮಾಡಿರಬೇಕು ಎಂದು ಹಲ್ಲು ಕಚ್ಚಿಕೊಂಡು ಕೇಳಿದ.

ಅವಳು ಅವನ ಮುಖವನ್ನು ನೋಡಿದಳು. ಅಪರೂಪಕ್ಕೆ ಹಾಗಾಗುವುದುಂಟು ಎಂದಳು. ಎಂಜಲು ಎನ್ನುವುದು ಹುಟ್ಟಿನಿಂದ ಬಂದದ್ದಷ್ಟೇ ಅಲ್ಲ, ಮುಕ್ಕಾಲು ಪಾಲು ರೂಢಿ. ಕುಡಿಯುವ ನೀರು, ತಿನ್ನುವ ಖಾರ, ಹಸಿವಾಗುವ ಹೊತ್ತು, ಬಾಯೊಳಗೆ ಬದುಕುವ ಕಣ್ಣಿಗೆ ಕಾಣದ ಜೀವಿಗಳು, ಎಲ್ಲ ಸೇರಿ ಅದು. ವರ್ಷಾನುಗಟ್ಟಲೆ ಒಂದೇ ಹೊತ್ತಿಗೆ ಒಂದೇ ಪಾತ್ರೆಯದನ್ನು ಕುಡಿದವರ ನಾಲಿಗೆಗಳು ಹತ್ತಿರ ಬರುತ್ತವೆ. ಅದಕ್ಕೆ ಬೇರೇನೂ ಮಾಡಬೇಕಾಗಿಲ್ಲ.

“ಬೈಟು ಕುಡಿದ್ರೆ ಸಾಕಾ?” ಎಂದ ಲೋಹಿತ.

“ಧಾರಾಳ ಸಾಕು.”

ಅವನ ಭುಜ ಸ್ವಲ್ಪ ಇಳಿಯಿತು. ಅವಳು ಹೋಗಲು ತಿರುಗಿದವಳು ನಿಂತಳು.

“ನನಗೆ ಅರ್ಥ ಆಗದ್ದು ಬೇರೆ ಉಂಟು ಮಾರಾಯ್ರೆ. ಒಂದೇ ಮನೆಯಲ್ಲಿ ಉಂಡು ಮಲಗುವ ಗಂಡ ಹೆಂಡತಿ ಲೋಟಗಳು ಸಾಧಾರಣ ಹತ್ತಿರವೇ ಇರುತ್ತವೆ. ಒಬ್ಬರದ್ದು ಇನ್ನೊಬ್ಬರಿಗೆ ಸಪ್ಪೆ ಅನಿಸೀತು. ತುಕ್ಕು ಅನಿಸುವುದಿಲ್ಲ. ನಿಮ್ಮದು ಯಾಕೆ ಇಷ್ಟು ದೂರ?”

ತಟ್ಟೆ ಬೇರೆ, ಚೊಂಬು ಬೇರೆ, ಉಣ್ಣುವ ಹೊತ್ತು ಬೇರೆ ಎಂದು ಆ ಹೆಂಗಸಿಗೆ ಹೇಳಲು ಲೋಹಿತನಿಗೆ ನಾಚಿಕೆಯಾಯಿತು. ಬದಲಿಗೆ ತನ್ನ ಲೋಟವನ್ನು ಹೆಂಡತಿಯ ಲೋಟದ ಹಾಗೆ ತಿದ್ದಿಕೊಡಿ ಎಂದು ಬೇಡಿದ. ಯಂತ್ರ ಇರುವ ಬಾಯಿಯನ್ನು ಓದುತ್ತದೆ, ಇಲ್ಲದ ಬಾಯಿಯನ್ನು ಕೊಡುವುದಿಲ್ಲ ಎಂದಳು ಅವಳು. ಕಲಿತದ್ದನ್ನು ಅಳಿಸುವುದು ಮಾತ್ರ ಸಾಧ್ಯ. ಅಳಿಸಿದ್ದು ಮತ್ತೆ ಬಾರದು.

ಊರಿಗೆ ಬಂದವನು ಅಂಗಡಿ ತೆರೆಯಲಿಲ್ಲ. ಮನೆಗೆ ಹೋಗಿ ಗಿಂಡಿಯ ಹಿಂದಿನ ಮುಚ್ಚಳ ಬಿಚ್ಚಿ, ಕಪ್ಪು ಲೋಟ ಕಲಿತದ್ದನ್ನೆಲ್ಲ ಅಳಿಸಿದ. ಶುಂಠಿ, ಸುಟ್ಟ ಬೆಲ್ಲ, ಎಲ್ಲ ಹೋಯಿತು. ನೀಲಿ ಲೋಟದ್ದನ್ನು ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟ. ಒಂದು ಸಲ ಒತ್ತಿದರೆ ಬಾಣಾವರ ಅಳಿಸಿಹೋಗುತ್ತಿತ್ತು, ಭೈರೇಶನೂ. ಒತ್ತಬೇಕೆಂಬ ಆಸೆ ಎಷ್ಟಿತ್ತೆಂದರೆ ಹಣೆ ಬೆವರಿತು. ಅದು ಅವಳದು, ಅಳಿಸಲು ತಾನ್ಯಾರು ಎಂದುಕೊಂಡು ಕೊನೆಗೆ ಕೈ ತೆಗೆದ.

ಸಂಜೆ ಇಂಚರಾ ಬಂದಾಗ ಗಿಂಡಿಯ ತಂತಿ ಕಿತ್ತು ಇಟ್ಟಿತ್ತು. ಲೋಹಿತ ಒಲೆಯ ಮುಂದೆ ನಿಂತಿದ್ದ. ಟೀ ಉಕ್ಕಿ ಒಲೆಯೆಲ್ಲ ಕಲೆಯಾಗಿತ್ತು. ಪಾತ್ರೆಯಲ್ಲಿ ಉಳಿದದ್ದು ಒಂದೇ ಲೋಟದಷ್ಟು. ಅದನ್ನೇ ಎರಡು ಸ್ಟೀಲ್ ಲೋಟಕ್ಕೆ ಸುರಿದ. ಒಂದರಲ್ಲಿ ಹೆಚ್ಚು ಕಂಡಿತು, ಅದರಿಂದ ಇದಕ್ಕೆ ಸುರಿದ. ಇದು ಹೆಚ್ಚಾಯಿತು, ಮತ್ತೆ ಅದಕ್ಕೆ. ಅವಳು ಚೀಲವನ್ನು ಹೆಗಲಿಂದ ಇಳಿಸದೆ ನೋಡುತ್ತಿದ್ದಳು.

“ಕಡೂರಿನ ಡ್ಯೂಟಿ ಸಿಕ್ತಾ?” ಎಂದ, ಲೋಟ ಚಾಚಿ.

“ನಾಳೆ ಹೇಳ್ತಾರಂತೆ.”

ಅವಳು ಕುಡಿದಳು. ಅವನೂ ತುಟಿ ಹಚ್ಚಿದ. ಟೀಸೊಪ್ಪು ಹೆಚ್ಚಾಗಿ ಕಹಿಯಾಗಿತ್ತು, ಸಕ್ಕರೆ ಕರಗಿರಲಿಲ್ಲ, ಹಾಲು ತಳ ಹಿಡಿದ ನಾತ ಬೇರೆ.

“ಚೆನ್ನಾಗಿಲ್ಲ” ಎಂದಳು ಇಂಚರಾ.

“ಹೂಂ. ಚೆನ್ನಾಗಿಲ್ಲ” ಎಂದ ಲೋಹಿತ.

ಮದುವೆಯಾದಾಗಿನಿಂದ ಇಬ್ಬರ ನಾಲಿಗೆಯೂ ಒಂದೇ ಮಾತು ಹೇಳಿದ್ದು ಅದೇ ಮೊದಲು. ಅವಳು ಚೀಲ ಇಳಿಸಿದಳು, ಆದರೆ ಗೂಟಕ್ಕೆ ಹಾಕದೆ ಬಾಗಿಲ ಬಳಿಯೇ ಇಟ್ಟಳು. ಅವನ ಹೊಟ್ಟೆಯ ಕೆಂಡ ಆರಿರಲಿಲ್ಲ. ಬಾಣಾವರದ ಅಷ್ಟು ವರ್ಷದ ಅರ್ಧರ್ಧ ಲೋಟಗಳನ್ನು ಯಾವ ಗಿಂಡಿಯೂ ತನಗೆ ಕಲಿಸಿಕೊಡಲಾರದು ಎಂದು ಅವನಿಗೆ ತಿಳಿದಿತ್ತು. ನಾಳೆ ಬೆಳಿಗ್ಗೆ ಸೊಪ್ಪು ಸ್ವಲ್ಪ ಕಡಿಮೆ ಹಾಕಬೇಕು ಎಂದುಕೊಂಡ.

ಆ ಯಂತ್ರ ಇನ್ನೂ ಬಂದಿಲ್ಲ. ಬಸ್ ನಿಲ್ದಾಣದ ಹೋಟೆಲಿನಲ್ಲಿ ನೀವು ಬೈಟು ಎಂದು ಕೂಗಿದರೆ ಇವತ್ತಿಗೂ ಎರಡು ಲೋಟ ಬರುತ್ತವೆ. ಎರಡನೆಯದನ್ನು ಯಾರ ಕಡೆಗೆ ಸರಿಸುತ್ತೀರಿ ಎನ್ನುವುದು ನಿಮಗೆ ಬಿಟ್ಟದ್ದು. ಆ ಲೋಟ ಒಮ್ಮೆಯೂ ತನ್ನ ಕಡೆಗೆ ಸರಿಯಲಿಲ್ಲ ಎಂದುಕೊಂಡು ನಿಮ್ಮ ಮನೆಯ ಅಡುಗೆಮನೆಯಲ್ಲಿ ಒಬ್ಬರೇ ನಿಂತು ಕುಡಿಯುತ್ತಿರುವವರು ಯಾರು ಎನ್ನುವುದೂ ನಿಮಗೆ ಗೊತ್ತಿರುತ್ತದೆ.