ಹುಲಿಗೆಮ್ಮನ ಗಿಟಾರು

"ಗಿಟಾರ್ ಬಾರಿಸೋ ಹುಡುಗ ಎಲ್ಲ್ಯದಾನ್ರಿ?"

ಗಂಗಾವತಿಯ ಮದುವೆ ಮಂಟಪದಲ್ಲಿ ವೈರು ಎಳೆಯುತ್ತಿದ್ದ ಸೌಂಡ್ ಸೆಟ್ಟಿನ ಗ್ಯಾನಪ್ಪ ತಲೆ ಎತ್ತದೆ ಕೇಳಿದ.

"ಹುಡುಗ ಇಲ್ಲ, ನಾ ಅದೀನಿ. ಕೊಡ್ರಿ ಇಲ್ಲಿ ವೈರು!"

ತಲೆ ಎತ್ತಿದ. ಕೆಂಪು ಗಿಟಾರು ಹೆಗಲಿಗೇರಿಸಿ ನಿಂತಿದ್ದಳು ಹುಲಿಗೆಮ್ಮ. ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಕೂಲಿ ಮಾಡುವವಳ ಮಗಳು. ಅವನು ನಕ್ಕಿದ್ದರೆ ಬಡಿದೇಬಿಡುತ್ತಿದ್ದಳು. ನಗಲಿಲ್ಲ.

"ತಪ್ಪಾತ್ರಿ," ಎಂದು ವೈರಿನ ತುದಿ ಒರೆಸಿ ಕೊಟ್ಟ.

ಸಿಟ್ಟು ಎಲ್ಲಿ ಹೋಯಿತೋ... ಅವಳಿಗೇ ತಿಳಿಯಲಿಲ್ಲ!

ಮದುವೆಗಳಲ್ಲಿ ಹಾಡುವ ಆ ಆರ್ಕೆಸ್ಟ್ರಾದಲ್ಲಿ ಅವಳು ಬಹಳ ದಿನ ಉಳಿಯಲಿಲ್ಲ. ಮಾಲೀಕ ಮೈಕಿನಲ್ಲಿ "ಮಿಸ್ ಪ್ರಿಯಾ" ಎಂದು ಕೂಗುತ್ತಿದ್ದ. "ಹುಲಿಗೆಮ್ಮ ಅಂದ್ರ ಯಾರು ಚಪ್ಪಾಳಿ ಹೊಡೀತಾರವ್ವಾ? ಬಾರಿಸಿದ್ದು ಸಾಕು, ಸ್ವಲ್ಪ ಕುಣಿ!"

ಬಿಟ್ಟಳು. ಕೊಪ್ಪಳದ ಕಾಲೇಜು ಹುಡುಗರ ರಾಕ್ ಬ್ಯಾಂಡು ಸೇರಿದಳು. ರಾಗ ಕಟ್ಟಿದ್ದು ಅವಳು; ಧಾರವಾಡದ ಸ್ಪರ್ಧೆಗೆ ಹೊರಟ ವ್ಯಾನಿನಲ್ಲಿ ಜಾಗವಿಲ್ಲದ್ದೂ ಅವಳಿಗೇ! "ನಿಮ್ಮನ್ಯಾಗ ಬೈತಾರಂತ ನಾವ ಬ್ಯಾಡಂದ್ವಿ," ಎಂದರು. ಅವಳ ಮನೆಯವರನ್ನು ಕೇಳಿದವರು ಯಾರು?

ಆಮೇಲೆ ಸಾಣಾಪುರದ ಕೆರೆ ದಂಡೆಯ ರೆಸಾರ್ಟಿನ ಬ್ಯಾಂಡು. ಅಲ್ಲಿಗೆ ಕರೆಸಿದ್ದು ಅಲ್ಲಿನ ಸೌಂಡ್ ನೋಡಿಕೊಳ್ಳುತ್ತಿದ್ದ ಗ್ಯಾನಪ್ಪ. "ಇಲ್ಲಿ ನಿಮ್ಮ ಸೋಲೊ ಪೂರಾ ಕೇಳಸ್ತೀನ್ರಿ." ಗಿಟಾರೊಂದೇ ನುಡಿಯುವ ಆ ಘಳಿಗೆಗಾಗಿ ಅವಳು ಬೆರಳ ತುದಿ ಸೀಳುವ ತನಕ ಅಭ್ಯಾಸ ಮಾಡಿದಳು.

ಆ ಸಂಜೆ ಸೋಲೊ ಶುರುವಾಯಿತು. ಅಷ್ಟರಲ್ಲೇ... ದನಿಯೇ ಇಲ್ಲ!

ತಿರುಗಿ ನೋಡಿದಳು. ಅವಳ ಆಂಪ್ಲಿಫೈಯರಿನ ಪ್ಲಗ್ಗು ಗ್ಯಾನಪ್ಪನ ಕೈಯಲ್ಲಿತ್ತು. ಪಕ್ಕದಲ್ಲಿ ಮ್ಯಾನೇಜರು. ಹಾಡು ನಡೆದೇ ಇತ್ತು, ಅವಳಿಲ್ಲದೆ.

'ಇವನೂ ಅವರ ಪೈಕಿನೇ!'

ಗಿಟಾರು ಎತ್ತಿಕೊಂಡು ಹೊರಟಳು. "ಒಂದ್ ಮಾತು ಕೇಳು..." ಎಂಬ ಅವನ ಕೂಗು ಬೆನ್ನಿಗೆ ಬಿತ್ತು. ಕೇಳಲಿಲ್ಲ. ಫೋನಿನಲ್ಲೂ ಅವನನ್ನು ಬ್ಲಾಕ್ ಮಾಡಿದಳು.

ಮಳೆಗಾಲ ಕಳೆಯಿತು. ಡ್ರಮ್ಸ್ ಬಾರಿಸುವ ಗೆಳತಿ ಫಾತಿಮಾಬೀ ಜೊತೆ ಸ್ವಂತ ಬ್ಯಾಂಡು ಕಟ್ಟಿದಳು. ಕಾರಟಗಿಯಲ್ಲಿ ಮೊದಲ ಪ್ರೋಗ್ರಾಂ. ಮಧ್ಯಾಹ್ನ ಹೋಗಿ ನೋಡಿದರೆ ವೇದಿಕೆಯ ಪಕ್ಕ ಯಾರೋ ನೆಲಕ್ಕೆ ಕಬ್ಬಿಣದ ರಾಡು ಬಡಿಯುತ್ತಿದ್ದ.

"ಏನೋ ಯಪ್ಪಾ, ಎಮ್ಮಿ ಕಟ್ಟಾಕ ಗೂಟ ಹೊಡ್ಯಾಕತ್ತೀಯೇನು?" ಫಾತಿಮಾಬೀ ಕೇಳಿದಳು.

"ಅರ್ಥಿಂಗ್ ರೀ, ಸೋರಿದ ಕರೆಂಟ್ ನೆಲಕ್ಕ ಹೋಗಲಿ ಅಂತ," ಎಂದ ಗ್ಯಾನಪ್ಪ. ಹುಲಿಗೆಮ್ಮನನ್ನು ಕಂಡು ಸುತ್ತಿಗೆ ಕೆಳಗಿಟ್ಟ. "ಸಾಣಾಪುರದಾಗ ಇದ ಇರಲಿಲ್ಲ. ನಿನ್ನ ಆಂಪ್ಲಿಫೈಯರಿನ್ಯಾಗ ಕರೆಂಟ್ ಇಳಿದಿತ್ತು. ತಂತಿ ಹಿಡಕೊಂಡು ಮೈಕ್ ಮುಟ್ಟಿದ್ರ... ನೀ ಉಳೀತಿರಲಿಲ್ಲ."

ಅವಳು ಆ ರಾಡನ್ನೊಮ್ಮೆ ನೋಡಿದಳು. ಆದರೂ ಬಿಡಲಿಲ್ಲ.

"ಮತ್ತ ಪ್ರೋಗ್ರಾಂ ಯಾಕ ನಿಲ್ಲಿಸಲಿಲ್ಲ?"

ಅವನು ನೆಲ ನೋಡಿದ. "ಮ್ಯಾನೇಜರ್ ಅಂದ... ಆಕಿ ಗಿಟಾರ್ ಇಲ್ಲಂದ್ರ ಯಾರಿಗಿ ಗೊತ್ತಾಗತೈತಿ, ಹಾಡು ನಡೀಲಿ ಅಂತ. ನಾ... ಸುಮ್ನಿದ್ದೆ."

"ಜೀವ ಉಳಿಸಿದಿ. ನನ್ನ ಗಿಟಾರ್ ಯಾರಿಗೂ ಬೇಕಿಲ್ಲ ಅಂದಾಗ ಬಾಯಿ ಮುಚ್ಕೊಂಡಿ. ಎರಡ್ರಾಗ ಯಾವುದು ಮರೀಲಿ, ಗ್ಯಾನಪ್ಪ?"

"ಒಂದೂ ಮರೀಬ್ಯಾಡ."

ಸಂಜೆ ಅವಳ ಸೋಲೊ ನಡುವೆ ಸಂಘಟಕ ಓಡಿಬಂದ. "ಏ, ಆ ಗಿಟಾರ್ ಬಂದ್ ಮಾಡು! ಮುಖ್ಯ ಅತಿಥಿ ಸಾಹೇಬ್ರು ಭಾಷಣ ಮಾಡ್ತಾರ!"

ಗ್ಯಾನಪ್ಪ ಮಿಕ್ಸರಿಗೆ ಅಡ್ಡ ನಿಂತ. "ಆಕಿದು ಮುಗಿದಿಲ್ರಿ. ಮುಗೀಲಿ, ಆಮ್ಯಾಲೆ ಮೈಕ್ ಕೊಡ್ತೀನಿ."

"ಯಾರಿಗಿ ಮಾತಾಡಾಕತ್ತಿ ಗೊತ್ತೈತೇನಲೇ?"

"ಗೊತ್ತೈತ್ರಿ. ಅದಕ್ಕ ಕೂಗಿ ಹೇಳಾಕತ್ತೀನಿ."

ಸಾಹೇಬರು ನಿಂತೇ ಇದ್ದರು. ಕೊನೆಯ ಸ್ವರ ತಾನಾಗಿ ಆರುವ ತನಕ ಹುಲಿಗೆಮ್ಮ ತಂತಿಯಿಂದ ಬೆರಳು ತೆಗೆಯಲಿಲ್ಲ. ಕೆಳಗಿಳಿದಾಗ ಕಣ್ಣು ತುಂಬಿದ್ದವು.

"ಏನಂದ ಆ ಮನಷ್ಯಾ?"

"ಇನ್ನ ಈ ಊರಾಗ ನನ್ನ ಸೆಟ್ ಕರಿಯಂಗಿಲ್ಲಂತ." ನಕ್ಕ. "ನಿಮ್ಮ ಬ್ಯಾಂಡಿಗಿ ಸೇರ್ಸಕೊ."

"ಬ್ಯಾಂಡಿಗಿ ಅಷ್ಟ?"

ಅವನ ಕಿವಿ ಕೆಂಪೇರಿತು. "ಗಂಗಾವತಿಯಾಗ ವೈರ್ ಕೇಳಿದ್ಯಲ್ಲ... ಅವತ್ತಿಂದ ನನಗ ಬ್ಯಾರೆ ಯಾರೂ ಬ್ಯಾಡಾಗ್ಯಾರ. ಹೇಳಾಕ ಧೈರ್ಯ ಸಾಲಲಿಲ್ಲ."

"ಈಗ ಬಂತಲ್ಲ? ನಡಿ ಮನಿಗಿ. ಅವ್ವನ ಮುಂದ ನೀನ ಮಾತಾಡಬೇಕು."

"ಬೈದ್ರ?"

"ಬೈತಾಳ. ನಿಂದ್ರು," ಎಂದು ಅವಳು ಅವನ ಕೈ ಹಿಡಿದಳು. "ನಾನೂ ನಿನ್ನ ಬಾಜೂಕ ನಿಂದರ್ತೀನಿ."