ನಿನ್ನನ್ನು ಕೇಳಬೇಕಿತ್ತು

"ಒಳಗೆ ಬಿಡಲ್ಲ."

ಬಾಗಿಲಿಗೆ ಅಡ್ಡ ನಿಂತವನ ಗಂಟಲು ಘೋಷಣೆ ಕೂಗಿ ಕೂಗಿ ಆಗಲೇ ಕಟ್ಟಿಹೋಗಿತ್ತು. ಅವಳು ಮೀನಿನ ಆಹಾರದ ಡಬ್ಬಿಯನ್ನು ಎದೆಗೆ ಅವುಚಿಕೊಂಡು ಅವನನ್ನು ದುರುಗುಟ್ಟಿ ನೋಡಿದಳು.

"ನಾನು ಕೆಲಸಕ್ಕೆ ಹೋಗ್ತಿಲ್ಲ. ಮೀನುಗಳಿಗೆ ಆಹಾರ ಹಾಕಿ ಬಂದ್ಬಿಡ್ತೀನಿ."

"ಇವತ್ತು ಅದೂ ಕೆಲಸಾನೇ."

"ಮುಷ್ಕರ ಅಂತ ಮೀನಿಗೆ ಯಾರು ಹೇಳ್ತಾರೆ? ನೀವು ಹೇಳ್ತೀರಾ?"

ಸುತ್ತ ನಿಂತವರು ನಕ್ಕರು. ಅವನಿಗೂ ನಗು ಬಂತು. ಆದರೆ ಬಾಗಿಲು ಬಿಡಲಿಲ್ಲ.

ಅವನು ಇತಿಹಾಸ ವಿಭಾಗದ ಸಂಶೋಧನಾ ವಿದ್ಯಾರ್ಥಿ. ಎಲ್ಲದಕ್ಕೂ ಮುಂದೆ ಬಂದು ನಿಲ್ಲುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವನು ಪುಢಾರಿ. ಅವಳು ಜೀವಶಾಸ್ತ್ರದವಳು. ನೆಲಮಾಳಿಗೆಯ ಗಾಜಿನ ತೊಟ್ಟಿಗಳ ಮುಂದೆ ವರ್ಷಗಟ್ಟಲೆ ಕೂತದ್ದಕ್ಕೆ ಅವಳಿಗೆ ಮೀನಿ ಎಂಬ ಅಡ್ಡಹೆಸರು ಅಂಟಿಕೊಂಡಿತ್ತು.

ಮುಷ್ಕರ ಸುಮ್ಮನೆ ಶುರುವಾಗಿರಲಿಲ್ಲ. ಸ್ಟೈಪೆಂಡ್ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಜ್ವರ ಬಂದರೂ ರಜೆಯಿಲ್ಲ. ನೆಲಮಾಳಿಗೆಯ ಒದ್ದೆ ಗೋಡೆಯ ಸ್ವಿಚ್ಚು ಮುಟ್ಟಿದರೆ ಶಾಕ್. ತರಗತಿ ತೆಗೆದುಕೊಳ್ಳುವವರು ಇವರು, ಉತ್ತರ ಪತ್ರಿಕೆ ತಿದ್ದುವವರು ಇವರು, ಗೈಡ್ ಮಗಳ ಶಾಲೆಯ ಮಾಡೆಲ್‌ಗೆ ಥರ್ಮೋಕೋಲ್ ಅಂಟಿಸುವವರೂ ಇವರೇ. ಸಂಬಳ ಕೇಳಿದರೆ ಮಾತ್ರ, "ನೀವು ನೌಕರರಲ್ಲಪ್ಪಾ, ವಿದ್ಯಾರ್ಥಿಗಳು."

ಪುಢಾರಿ ಅವಳ ಗೈಡ್ ಕೋಣೆಗೆ ಹೋಗಿ ಮಾತಾಡಿಕೊಂಡು ಬಂದ.

"ಮೀನುಗಳನ್ನ ತಾವೇ ನೋಡ್ಕೋತಾರಂತೆ. ನನ್ನ ಮಾತು ನಂಬಿ."

ಇವನ ಮಾತು ನಾನ್ಯಾಕೆ ನಂಬಬೇಕು ಎಂದುಕೊಂಡಳು. ಆದರೂ ಡಬ್ಬಿಯನ್ನು ಅವನ ಕೈಗೆ ಕೊಟ್ಟು ಮೆಟ್ಟಿಲ ಮೇಲೆ ಕೂತಳು. ಸ್ವಲ್ಪ ಹೊತ್ತು ಕೂರೋಣ ಎಂದು ಕೂತವಳು ಮರುದಿನವೂ ಬಂದಳು. ಅದರ ಮರುದಿನವೂ...

ಬಿಸಿಲು ಏರಿದಂತೆ ಎಲ್ಲರೂ ಗೋಡೆಯ ನೆರಳಿಗೆ ಸರಿಯುತ್ತಿದ್ದರು. ಸರಿಯುತ್ತ ಸರಿಯುತ್ತ ಅವರಿಬ್ಬರೂ ಪಕ್ಕಪಕ್ಕಕ್ಕೆ ಬಂದುಬಿಟ್ಟರು.

"ಅಜ್ಜಿ, ಅಮ್ಮ, ಮಗಳು, ಮೊಮ್ಮಗಳು... ಒಂದೇ ವಂಶದ ಮೀನುಗಳು ಅವು," ಎಂದು ಅವಳು ವಿವರಿಸಿದಳು. "ನಡುವೆ ಒಂದು ತಲೆಮಾರು ತಪ್ಪಿದ್ರೂ ನನ್ನ ಸಂಶೋಧನೆ ಮುಗೀತು."

"ನಮ್ಮನೇಲಿ ನನ್ನ ಬಗ್ಗೆ ಇಷ್ಟು ಪ್ರೀತಿಯಿಂದ ಯಾರೂ ಮಾತಾಡಲ್ಲ ಕಣ್ರೀ."

"ನೀವು ನೀರಲ್ಲಿದ್ದಿದ್ರೆ ಮಾತಾಡ್ತಿದ್ದೆ."

ಹೇಳಿದ ಮೇಲೆ ಅವಳ ಕೆನ್ನೆ ಬಿಸಿಯಾಯಿತು. ಅವನು ಕೇಳದೆಯೇ ಅವಳ ಕೈ ಹಿಡಿದುಕೊಂಡ. ಬಿಡಿಸಿಕೊಳ್ಳಬೇಕು ಎಂದು ಅವಳಿಗೆ ಅನ್ನಿಸಲೇ ಇಲ್ಲ.

ಆ ಸುಖ ಬಹಳ ದಿನ ಉಳಿಯಲಿಲ್ಲ.

ಆಡಳಿತ ಬಗ್ಗಿತು. ಸ್ಟೈಪೆಂಡ್ ಏರಿಕೆ, ರಜೆ, ನೆಲಮಾಳಿಗೆಯ ರಿಪೇರಿ ಎಲ್ಲಕ್ಕೂ ಸಂಜೆ ಒಪ್ಪಂದವಾಯಿತು. ಜನ ಪುಢಾರಿಯನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದಾಗ ಅವಳು ನೆಲಮಾಳಿಗೆಗೆ ಓಡಿದಳು.

ಬಾಗಿಲು ತೆರೆದಿತ್ತು. ಆದರೆ ಯಾವಾಗಲೂ ಗುಂಯ್‌ಗುಡುತ್ತಿದ್ದ ಗಾಳಿ ಪಂಪಿನ ಸದ್ದಿಲ್ಲ.

ಎಲ್ಲಾ ತೊಟ್ಟಿಗಳಲ್ಲೂ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು.

"ಬಾ ಮಗು," ಎಂದರು ಗೈಡ್. ಅವಳಿಗಾಗಿಯೇ ಕಾದು ನಿಂತಿದ್ದರು. ಅವರ ದನಿ ಯಾವತ್ತಿನಂತೆ ಮೆತ್ತಗಿತ್ತು. "ಪಂಪ್ ನಿಂತಿದೆ, ಅವಳನ್ನ ಕಳಿಸು ಅಂತ ಬೆಳಿಗ್ಗೇನೇ ನಿಮ್ಮ ನಾಯಕನಿಗೆ ಹೇಳಿದ್ದೆ. ಹೇಳಲಿಲ್ವಾ ಅವನು?"

ಅವಳು ಒಂದು ಮೀನನ್ನು ಬೊಗಸೆಯಲ್ಲಿ ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಜನ ತಾವಾಗಿಯೇ ದಾರಿ ಬಿಟ್ಟರು.

"ಬೆಳಿಗ್ಗೆ ಅವರು ನಿಮಗೆ ಹೇಳಿದ್ರಾ?"

ಅವನು ಜನರ ಹೆಗಲಿನಿಂದ ಕೆಳಗಿಳಿದ. ಮೀನನ್ನು ನೋಡಿ ಅವನ ಮುಖ ಬಿಳಚಿಕೊಂಡಿತು.

ಅವಳು ಅದನ್ನು ಅವನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಚಿದಳು.

"ತಗೊಳ್ಳಿ. ಗೆದ್ದಿದ್ದಕ್ಕೆ ಸಿಹಿ."

ಆಮೇಲೆ ಅವನು ದಿನವೂ ಜೀವಶಾಸ್ತ್ರ ವಿಭಾಗದ ಹೊರಗೆ ನಿಲ್ಲುತ್ತಿದ್ದ. ಅವಳು ಕಂಬವನ್ನು ದಾಟಿದಂತೆ ಅವನನ್ನು ದಾಟಿ ಹೋಗುತ್ತಿದ್ದಳು. ಒಮ್ಮೆ ಅವನು ಜ್ವರದಲ್ಲಿ ನಡುಗುತ್ತ ನಿಂತಿದ್ದ. ಅವಳಿಗೆ ಕಂಡಿತು. ನಡುಗಲಿ ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ಆ ದಿನವೆಲ್ಲ ತನ್ನನ್ನೇ ಬೈದುಕೊಂಡಳು.

ಅವಳು ಇದ್ದದ್ದು ಅಕ್ಕನ ಮನೆಯಲ್ಲಿ. ಭಾವನಿಗೆ ಈಗ ಬಾಯಿ ತುಂಬ ಮಾತು.

"ಮೀನು ಸಾಕೋಕೆ ಇಷ್ಟು ಓದ್ಬೇಕಿತ್ತಾ ಅಂತಿದ್ದೆ. ಈಗ ಮೀನೂ ಇಲ್ಲ. ಇನ್ನಾದ್ರೂ ಗಂಡು ನೋಡೋಣ್ವಾ?"

ಅಕ್ಕ ತಲೆ ಎತ್ತದೆ ತಟ್ಟೆಗೆ ಬಡಿಸಿದಳು.

ಅದೇ ದಿನಗಳಲ್ಲಿ ಗೈಡ್ ಅವಳನ್ನು ಕೋಣೆಗೆ ಕರೆಸಿಕೊಂಡರು.

"ಮುಷ್ಕರದ ಬಗ್ಗೆ ವಿಚಾರಣೆ ಇದೆ ಮಗು. ಅವನು ಬಲವಂತವಾಗಿ ತಡೆದ, ಹೆದರಿಸಿದ ಅಂತ ಹೇಳು ಸಾಕು. ಅವನು ಹೊರಗೆ ಹೋಗ್ತಾನೆ. ಹೆದರಿಸಿ ಮಾಡಿಸ್ಕೊಂಡ ಒಪ್ಪಂದ ಅಂತ ಅದೂ ಬಿದ್ದುಹೋಗುತ್ತೆ. ನಿನಗೆ ಹೊಸ ತೊಟ್ಟಿ, ಹೊಸ ಮೀನು, ಬೇಕಾದಷ್ಟು ಸಮಯ. ನಿನಗೂ ಅವನ ಮೇಲೆ ಸಿಟ್ಟಿದೆಯಲ್ಲ?"

ಸಿಟ್ಟಿತ್ತು. ಹೇಳಿಬಿಡಬೇಕು, ಅವನೂ ಒಮ್ಮೆ ಬರಿಗೈಯಲ್ಲಿ ನಿಲ್ಲಬೇಕು ಎಂದು ಅವಳ ಮನಸ್ಸು ಕುದಿಯಿತು. ವಿಚಾರಣೆಯ ಕೋಣೆಗೆ ಕಾಲಿಡುವವರೆಗೂ ಕುದಿಯುತ್ತಲೇ ಇತ್ತು.

ಉದ್ದನೆಯ ಮೇಜಿನ ಹಿಂದೆ ಹಿರಿಯ ಪ್ರಾಧ್ಯಾಪಕರು, ಅವರ ಪಕ್ಕದಲ್ಲಿ ಗೈಡ್. ಗೋಡೆಯ ಬದಿಯ ಕುರ್ಚಿಯಲ್ಲಿ ಅವನು. ಸೊರಗಿದ್ದ. ತಲೆ ಎತ್ತಲಿಲ್ಲ.

"ಇವರು ನಿಮ್ಮನ್ನ ತಡೆದ್ರಾ?"

"ತಡೆದ್ರು."

ಗೈಡ್ ನಿಟ್ಟುಸಿರುಬಿಟ್ಟು ಕುರ್ಚಿಗೆ ಒರಗಿದರು.

"ಬಲವಂತವಾಗಿ?"

ಒಂದೇ ಒಂದು ಮಾತು ಸಾಕಿತ್ತು. ಅವಳಿಗೆ ನಿಂತುಹೋದ ಪಂಪು ನೆನಪಾಯಿತು. ಅದನ್ನು ನಿಲ್ಲಿಸಿದ ಕೈ ಯಾವುದು?

"ಇಲ್ಲ. ಬಾಯಿಮಾತಲ್ಲಿ ಕೇಳ್ಕೊಂಡ್ರು. ಮೆಟ್ಟಿಲ ಮೇಲೆ ಕೂತಿದ್ದು ನನ್ನಿಷ್ಟ." ಅವಳು ಗೈಡ್ ಕಡೆ ತಿರುಗಿದಳು. "ಸಾರ್, ಮುಷ್ಕರದ ಅಷ್ಟೂ ದಿನ ನೆಲಮಾಳಿಗೆಯ ಬೀಗದ ಕೈ ನಿಮ್ಮೊಬ್ಬರ ಹತ್ರಾನೇ ಇತ್ತಲ್ವಾ? ಪಂಪ್ ನಿಂತಿದ್ದು ನೋಡಿದವರು ನೀವು. ನೀವೇ ಯಾಕೆ ಸ್ವಿಚ್ ಹಾಕ್ಲಿಲ್ಲ?"

ಗೈಡ್ ಬಾಯಲ್ಲಿ ಆಮೇಲೆ 'ಮಗು' ಎಂಬ ಮಾತು ಬರಲಿಲ್ಲ.

ಅವನು ಉಳಿದುಕೊಂಡ, ಒಪ್ಪಂದವೂ ಉಳಿಯಿತು. ಗೈಡ್‌ಗೆ ಏನೂ ಆಗಲಿಲ್ಲ. ಅಂಥವರಿಗೆ ಏನೂ ಆಗುವುದಿಲ್ಲ. ಅವಳನ್ನು ಮಾತ್ರ ಅವರು ಕೈಬಿಟ್ಟರು. ಬೇರೊಬ್ಬ ಮೇಡಂ ತಮ್ಮ ಬಳಿ ಸೇರಿಸಿಕೊಳ್ಳಲು ಒಪ್ಪಿದರು. ಆದರೆ ಎಲ್ಲವನ್ನೂ ಮೊದಲಿನಿಂದ ಶುರುಮಾಡಬೇಕಿತ್ತು.

ಆ ಸುದ್ದಿ ತಿಳಿದ ದಿನ ಅವನು ಮೇಡಂ ಕೋಣೆಯ ಹೊರಗೆ ಕಾದಿದ್ದ. ಈ ಸಲ ಅವಳು ನಿಂತಳು.

"ಅವತ್ತು ಜನರ ಮುಂದೆ ಕೇಳಿದ್ದನ್ನೇ ಕೇಳ್ತೀನಿ. ನಿಮಗೆ ಗೊತ್ತಿತ್ತಾ?"

ಅವನು ಸುಳ್ಳು ಹೇಳಬಹುದಿತ್ತು. ಅವಳ ಮನಸ್ಸಿನ ಒಂದು ಮೂಲೆ ಅದನ್ನೇ ಬಯಸುತ್ತಿತ್ತು.

"ಗೊತ್ತಿತ್ತು."

"ಗೊತ್ತಿದ್ದೂ...?"

"ಆ ದಿನಾನೇ ಮಾತುಕತೆ ಇತ್ತು. ನೀವು ಒಳಗೆ ಹೋದ್ರೆ ಮಿಕ್ಕವರೂ ತಮ್ಮ ತಮ್ಮ ಪ್ರಯೋಗ ಅಂತ ಹೋಗ್ತಾರೆ, ಮುಷ್ಕರ ಮುರಿಯುತ್ತೆ. ನಿಮ್ಮ ಗೈಡ್‌ಗೆ ಬೇಕಾಗಿದ್ದೂ ಅದೇ. ಸಂಜೆ ತನಕ ಮೀನು ತಡ್ಕೊಳ್ಳುತ್ತೆ ಅಂದ್ಕೊಂಡೆ."

"ಮಧ್ಯಾಹ್ನದ ತನಕಾನೂ ತಡ್ಕೊಳ್ಳಲ್ಲ. ನನ್ನನ್ನ ಕೇಳಿದ್ರೆ ಹೇಳ್ತಿದ್ದೆ."

"ಕೇಳಬೇಕಿತ್ತು." ಅವನ ದನಿ ಒಡೆಯಿತು. "ಕೇಳಿದ್ರೆ ನೀವು ಒಳಗೆ ಹೋಗ್ತೀರಿ ಅಂತ ಭಯ ಆಯ್ತು. ಅದಕ್ಕೇ ಕೇಳಲಿಲ್ಲ. ನಿಮ್ಮ ಪಕ್ಕದಲ್ಲೇ ಕೂತು ಟೀ ಕುಡಿದೆ. ಕ್ಷಮಿಸಿ ಅನ್ನೋಕೂ ನನಗೆ ಮುಖ ಇಲ್ಲ."

ಅವಳ ಕಣ್ಣಲ್ಲಿ ನೀರು ತುಂಬಿತು.

"ಕ್ಷಮಿಸಿಲ್ಲ ನಾನು. ಯಾವಾಗ ಕ್ಷಮಿಸ್ತೀನೋ ಗೊತ್ತಿಲ್ಲ."

"ಹಾಗಾದ್ರೆ ವಿಚಾರಣೆಯಲ್ಲಿ ಯಾಕೆ..."

"ನಿಮ್ಮನ್ನ ಶಿಕ್ಷಿಸೋಕೆ ನಾನಿದ್ದೀನಲ್ಲ. ಆ ಕೆಲಸ ಅವರಿಗ್ಯಾಕೆ ಕೊಡ್ಲಿ?"

ಅವನು ಅಳುತ್ತ ನಕ್ಕುಬಿಟ್ಟ. ನಗಬಾರದಿತ್ತು ಅನ್ನಿಸಿ ಮತ್ತೆ ತಲೆ ತಗ್ಗಿಸಿದ.

"ನಾನು ನಿಮ್ಮನ್ನ ಪ್ರೀತಿಸ್ತೀನಿ. ಹೇಳೋ ಹಕ್ಕು ಕಳ್ಕೊಂಡ ಮೇಲೆ ಹೇಳ್ತಿದ್ದೀನಿ."

"ನಾನೂ ಪ್ರೀತಿಸ್ತೀನಿ." ಅವಳು ದುಪಟ್ಟಾದಿಂದ ಕಣ್ಣೊರೆಸಿಕೊಂಡಳು. "ಅದಕ್ಕೇ ಇಷ್ಟು ಸಿಟ್ಟು. ಇಲ್ದಿದ್ರೆ ಯಾವತ್ತೋ ಮರೆತುಬಿಡ್ತಿದ್ದೆ."

ಆಮೇಲೆ ಅವನು ಅಂಜುತ್ತ ಅಂಗೈ ಮುಂದೆ ಚಾಚಿದ.

"ಹಿಡ್ಕೊಳ್ಲಾ?"

ಅವಳು ಆ ಕೈಯನ್ನೇ ನೋಡುತ್ತ ನಿಂತಳು.

"ಈಗ ಕೇಳೋದು ಕಲಿತ್ಯಾ?"

"ಕಲಿತೆ."

"ಹೂಂ. ಹಿಡ್ಕೋ."