ಅರ್ಥಿಂಗ್ ಗುಂಡಿಯ ನೀರು

ಬೈಲಹೊಂಗಲದಲ್ಲಿ ನಾನು ಆಂಪ್ಲಿಫೈಯರ್ ರಿಪೇರಿ ಮಾಡುತ್ತೇನೆ. ದೆವ್ವ ನಂಬುವವನಲ್ಲ, ಗಿರಾಕಿಗಳನ್ನಂತೂ ಮೊದಲೇ ನಂಬುವುದಿಲ್ಲ.

ಕಳೆದ ತಿಂಗಳು ಒಂದು ಮಧ್ಯಾಹ್ನ ಚಚಡಿಯ ವಿರೂಪಾಕ್ಷ ಅವರ ಮನೆಗೆ ಹೋಗಿದ್ದೆ. ಹಾಡು ನಿಲ್ಲಿಸಿದರೂ ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು. ಆಂಪ್ಲಿಫೈಯರ್ ಬಿಚ್ಚಿ ಟ್ರಾನ್ಸ್‌ಫಾರ್ಮರ್ ಮುಟ್ಟಿದೆ. ಬೆಳಗಿನಿಂದ ಓಡಿದ್ದು ಬೆಚ್ಚಗಿರಬೇಕು; ನೀರಿನ ಗಡಿಗೆಯಂತೆ ತಣ್ಣಗಿತ್ತು. ಸ್ಟೆಬಿಲೈಜರ್ ಹಾಕಿದರೂ ಸದ್ದು ಹೋಗಲಿಲ್ಲ.

“ನೀರಡಿಕಿ ಆಗೇತಿ ನೋಡ್ರಿ ಅದಕ್ಕ,” ಎಂದು ಅವರ ತಾಯಿ ಸೋಮವ್ವ ಹಿತ್ತಲಿನ ಅರ್ಥಿಂಗ್ ಗುಂಡಿಗೆ ಒಂದು ಕೊಡ ನೀರು ಹೊಯ್ದರು. ಸದ್ದು ನಿಂತಿತು.

ಗುಂಡಿ ಒಣಗಿದರೆ ಅರ್ಥಿಂಗ್ ಹಿಡಿಯುವುದಿಲ್ಲ, ನೀರು ಹಾಕುವುದು ರೂಢಿಯೇ. ಆದರೆ ಅರ್ಧ ತಾಸಿಗೇ ಸದ್ದು ಮರಳಿತು. ಅರ್ಥಿಂಗ್ ವೈರ್ ಹುಡುಕಿದೆ. ಅದು ಗೋಡೆಯಲ್ಲೇ ಮುಗಿದಿತ್ತು. ಗುಂಡಿಯವರೆಗೆ ಯಾರೂ ಎಳೆದೇ ಇರಲಿಲ್ಲ.

“ಈ ಗುಂಡಿ ಯಾರು ತಗಸ್ಯಾರ್ರಿ?”

“ನಾವು ಮನಿ ತಗೊಂಡಾಗನ ಇತ್ರಿ,” ಎಂದರು ವಿರೂಪಾಕ್ಷ.

ಒಳಗೆ ಯಾರೋ ವಾಲ್ಯೂಮ್ ತಿರುವುತ್ತಿದ್ದಾರೆಂದು ನನಗೆ ಅನುಮಾನ. ಮನೆಯಲ್ಲಿದ್ದವರು ತಾಯಿ ಮಗ ಇಬ್ಬರೇ; ಅವರನ್ನು ಹಿತ್ತಲಲ್ಲಿ ಎದುರಿಗೇ ನಿಲ್ಲಿಸಿಕೊಂಡು, ಕೊಡ ನಾನೇ ಬಗ್ಗಿಸಿದೆ. ನೀರು ಗುಟುಕು ಗುಟುಕಾಗಿ ಇಳಿಯಿತು. ಒಳಗೆ ಸ್ಪೀಕರ್ ಸುಮ್ಮನಾಯಿತು.

ಗುಂಡಿಯ ಮಣ್ಣು ಮುಟ್ಟಿ ನೋಡಿದೆ. ಆಗಲೇ ಒಣಗಿತ್ತು, ಮೈಯಂತೆ ಬೆಚ್ಚಗಿತ್ತು.